ಬರ್ಥಾ ಬೆಂಜ್: ಮೊದಲ ಕಾರಿನ ಮೊದಲ ದೂರ ಪ್ರಯಾಣ

ಮಕ್ಕಳೇ, ಆಳಂದ, ಅಫಜಲಪುರ, ಜೇವರ್ಗಿ, ಯಾವ ಊರಿಗೆ ಹೋದರೂ ಬಸ್ ನಿಲ್ದಾಣದ ಹತ್ತಿರ ಒಂದಾದರೂ ಗ್ಯಾರೇಜ್ ಇರುತ್ತದೆ. ಅಲ್ಲಿ ಹಳೆಯ ಜೀಪು, ಟಂಟಂ, ಮಾರುತಿ 800 ಕಾರು ಬಾನೆಟ್ ತೆರೆದುಕೊಂಡು ನಿಂತಿರುವುದನ್ನು ನೀವು ನೋಡಿರುತ್ತೀರಿ. ಗಾಡಿಯವರು ಮೆಕ್ಯಾನಿಕ್‌ಗೆ ಹೇಳುವ ದೂರುಗಳಲ್ಲಿ ಒಂದು ಬಹಳ ಸ್ವಾರಸ್ಯದ್ದು. ಗಾಡಿ ಬಿಸಿಯಾಗುತ್ತಿಲ್ಲ, ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿದೆ. ಆದರೂ ಎಕ್ಸಲರೇಟರ್ ಒತ್ತಿದ ಕೂಡಲೇ ಇಂಜಿನ್ ಒಂದು ಕ್ಷಣ ತಡವರಿಸುತ್ತದೆ, ಆಮೇಲೆ ಜಗ್ಗಿ ಜಗ್ಗಿ ಓಡುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಮಿಸ್ಸಿಂಗ್ ಎನ್ನುತ್ತಾರೆ, ಪಿಕಪ್ ಇಲ್ಲ ಎನ್ನುತ್ತಾರೆ.

ನೀರಿನ ಬಿಸಿ ಸರಿಯಾಗಿದ್ದರೆ ಇಂಜಿನ್ನಿಗೆ ಮತ್ತೇನು ತೊಂದರೆ? ಸುಮಾರು ನೂರಮೂವತ್ತೈದು ವರ್ಷಗಳ ಹಿಂದೆ ಇಂಥ ಪ್ರಶ್ನೆಗಳನ್ನು ನಡುರಸ್ತೆಯಲ್ಲಿ ಎದುರಿಸಿ, ಕೈಯಲ್ಲಿ ಸಿಕ್ಕಿದ ವಸ್ತುಗಳಿಂದಲೇ ಉತ್ತರ ಕಂಡುಕೊಂಡವರು ಒಬ್ಬ ತಾಯಿ. ಅವರ ಗಾಡಿಯಲ್ಲಿ ಬಿಸಿ ತೋರಿಸುವ ಮುಳ್ಳು ಇರಲಿಲ್ಲ. ದಾರಿಯಲ್ಲಿ ಗ್ಯಾರೇಜ್ ಇರಲಿಲ್ಲ. ಪೆಟ್ರೋಲ್ ಬಂಕ್ ಎಂಬುದು ಜಗತ್ತಿನಲ್ಲೇ ಇರಲಿಲ್ಲ. ಅವರ ಹೆಸರು ಬರ್ಥಾ ಬೆಂಜ್.

ಬರ್ಥಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ತಂದೆ ಕಾರ್ಲ್ ಫ್ರೀಡ್ರಿಖ್ ರಿಂಗರ್ ಬಡಗಿ ಕೆಲಸದಿಂದ ಮೇಲೆ ಬಂದ ಅನುಕೂಲಸ್ಥರು. ಮತ್ತೆ ಹೆಣ್ಣು ಮಗುವೇ ಹುಟ್ಟಿತೆಂದು ಅವರು ಮನೆಯ ಬೈಬಲ್ಲಿನಲ್ಲಿ ಬೇಸರದಿಂದ ಬರೆದಿಟ್ಟಿದ್ದರಂತೆ. ಹೆಣ್ಣುಮಕ್ಕಳಿಗೆ ವಿಜ್ಞಾನವೇಕೆ ಎಂದು ಕೇಳುತ್ತಿದ್ದ ಕಾಲ ಅದು. ಆದರೂ ಈ ಹುಡುಗಿಗೆ ಯಂತ್ರಗಳ ಬಗ್ಗೆ ತುಂಬಾ ಕುತೂಹಲ. ಯಾವುದು ಹೇಗೆ ಓಡುತ್ತದೆ ಎಂದು ಕೇಳಿ ತಿಳಿದುಕೊಳ್ಳುವ ಗುಣ ಚಿಕ್ಕಂದಿನಿಂದಲೂ ಇತ್ತು.

1869ರಲ್ಲಿ ಆಕೆಗೆ ಕಾರ್ಲ್ ಬೆಂಜ್ ಎಂಬ ಯುವ ಇಂಜಿನಿಯರ್ ಪರಿಚಯವಾದರು. ಕಾರ್ಲ್ ತಂದೆ ರೈಲು ಇಂಜಿನ್ನಿನ ಚಾಲಕರಾಗಿದ್ದವರು. ಮಗ ಎರಡು ವರ್ಷದವನಿದ್ದಾಗಲೇ ತೀರಿಕೊಂಡಿದ್ದರು. ಕುದುರೆ ಇಲ್ಲದೆ ತಾನಾಗಿಯೇ ಓಡುವ ಗಾಡಿ ಮಾಡಬೇಕೆಂಬುದು ಕಾರ್ಲ್ ಅವರ ಕನಸು. ಕನಸಿತ್ತು, ಹಣವಿರಲಿಲ್ಲ. 1871ರಲ್ಲಿ ಮಾನ್‌ಹೈಮ್ ನಗರದಲ್ಲಿ ಪಾಲುದಾರನೊಬ್ಬನ ಜೊತೆ ಸೇರಿ ಕಾರ್ಖಾನೆ ಶುರು ಮಾಡಿದರು. ಆ ಪಾಲುದಾರ ನಂಬಿಕೆಗೆ ತಕ್ಕವನಾಗಿರಲಿಲ್ಲ. ಕಾರ್ಖಾನೆ ಮುಳುಗುವ ಸ್ಥಿತಿ ಬಂದಾಗ ಬರ್ಥಾ ಮುಂದೆ ಬಂದರು. ತಮ್ಮ ಮದುವೆಗೆಂದು ತಂದೆ ತೆಗೆದಿಟ್ಟಿದ್ದ ಹಣವನ್ನು ಮದುವೆಗೆ ಮುಂಚೆಯೇ ಕೇಳಿ ಪಡೆದರು. ಆ ಹಣದಿಂದ ಪಾಲುದಾರನ ಪಾಲನ್ನು ಕೊಟ್ಟು ಕಳಿಸಲಾಯಿತು. ಗಂಡನಾಗುವವನ ಮನೆಗೆ ಕೊಟ್ಟ ಹಣವಲ್ಲ ಇದು. ಒಂದು ಯಂತ್ರದ ಮೇಲೆ ಆಕೆ ತಾನಾಗಿ ಇಟ್ಟ ನಂಬಿಕೆ. 1872ರ ಜುಲೈ 20ರಂದು ಇಬ್ಬರ ಮದುವೆಯಾಯಿತು. ಅಂದಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ವ್ಯವಹಾರದ ಹಕ್ಕು ಇರಲಿಲ್ಲ. ಹೀಗಾಗಿ ಹಣ ಹಾಕಿದವರು ಬರ್ಥಾ ಆದರೂ ಕಾಗದಪತ್ರಗಳಲ್ಲಿ ಅವರ ಹೆಸರು ಕಾಣುವುದಿಲ್ಲ.

ಮುಂದಿನ ವರ್ಷಗಳು ಕಷ್ಟದವು. ಒಂದರ ಹಿಂದೆ ಒಂದು ಮಕ್ಕಳಾದವು, ಸಾಲವೂ ಬೆಳೆಯಿತು. 1879ರ ಡಿಸೆಂಬರ್ 31ರ ರಾತ್ರಿಯ ಸಂಗತಿಯನ್ನು ಕಾರ್ಲ್ ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರ ಹೊಸ ಇಂಜಿನ್ ಎಷ್ಟು ತಿರುಗಿಸಿದರೂ ಓಡುತ್ತಿರಲಿಲ್ಲ. ಊಟವಾದ ಮೇಲೆ, ಇನ್ನೊಂದು ಸಲ ನೋಡೋಣ ಬನ್ನಿ ಎಂದು ಗಂಡನನ್ನು ಕಾರ್ಖಾನೆಗೆ ಹೊರಡಿಸಿದವರು ಬರ್ಥಾ. ಆ ರಾತ್ರಿ ಇಂಜಿನ್ ಓಡಿತು. ನಿಲ್ಲದೆ ಓಡಿತು. ಊರಿನ ಚರ್ಚುಗಳಲ್ಲಿ ಹೊಸ ವರ್ಷದ ಗಂಟೆ ಬಾರಿಸುವಾಗ ಇಬ್ಬರೂ ಅದರ ಮುಂದೆ ನಿಂತು ಆ ಸದ್ದನ್ನು ಕೇಳುತ್ತಿದ್ದರು.

1886ರ ಜನವರಿ 29ರಂದು ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. ಜಗತ್ತಿನ ಮೊದಲ ಮೋಟಾರು ಕಾರು ಎಂದು ಕರೆಯುವುದು ಇದನ್ನೇ. ಒಂದೇ ಸಿಲಿಂಡರ್, ಮುಕ್ಕಾಲು ಅಶ್ವಶಕ್ತಿ, ಗಂಟೆಗೆ ಹೆಚ್ಚೆಂದರೆ 16 ಕಿಲೋಮೀಟರ್ ವೇಗ. ಸೈಕಲ್ಲನ್ನು ಜೋರಾಗಿ ತುಳಿದರೆ ನೀವೇ ಅದನ್ನು ಹಿಂದೆ ಹಾಕಬಹುದಿತ್ತು! ಗಾಡಿ ಏನೋ ತಯಾರಾಯಿತು, ಕೊಳ್ಳುವವರು ಬರಲಿಲ್ಲ. ಸದ್ದು ಮಾಡುವ, ಯಾವಾಗ ನಿಲ್ಲುವುದೋ ಗೊತ್ತಾಗದ ಈ ಯಂತ್ರವನ್ನು ನಂಬುವವರು ಯಾರು? ಕಾರ್ಲ್ ಅವರದೋ ಹಿಂಜರಿಯುವ ಸ್ವಭಾವ. ಇನ್ನೂ ಇದನ್ನು ಸರಿಪಡಿಸಬೇಕು, ಅದನ್ನು ಸರಿಪಡಿಸಬೇಕು ಎಂದು ಮಾನ್‌ಹೈಮಿನ ಸುತ್ತಮುತ್ತಲೇ ಓಡಿಸುತ್ತಿದ್ದರು. ಬರ್ಥಾ ಹಾಕಿದ ಹಣ, ಹದಿನಾರು ವರ್ಷಗಳ ದುಡಿಮೆ, ಎಲ್ಲವೂ ಆ ಗಾಡಿಯೊಳಗಿತ್ತು.

1888ರ ಆಗಸ್ಟ್ ತಿಂಗಳು, ಶಾಲೆಗಳಿಗೆ ಬೇಸಿಗೆ ರಜೆ. ಒಂದು ಮುಂಜಾವು ಕಾರ್ಲ್ ಇನ್ನೂ ಮಲಗಿದ್ದಾಗ ಬರ್ಥಾ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಗಾಡಿ ತೆಗೆದರು. ದೊಡ್ಡವನು ಯೂಗೆನ್‌ಗೆ 15 ವರ್ಷ, ಚಿಕ್ಕವನು ರಿಚರ್ಡ್‌ಗೆ ಹದಿನಾಲ್ಕು ತುಂಬುವುದರಲ್ಲಿತ್ತು. ಸದ್ದಿಗೆ ತಂದೆ ಏಳಬಾರದೆಂದು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ಆಮೇಲೆ ಇಂಜಿನ್ ಶುರು ಮಾಡಿದರೆಂದು ಹೇಳುತ್ತಾರೆ. ಹೊರಟದ್ದು ಫೋರ್ಟ್ಸ್‌ಹೈಮ್‌ಗೆ, ಅಂದರೆ ತವರಿಗೆ. ದೂರ ಸುಮಾರು ನೂರು ಕಿಲೋಮೀಟರ್. ನೀವು ಆಳಂದದಿಂದ ಕಲಬುರಗಿಗೆ ಬಂದು, ಅಲ್ಲಿಂದ ಜೇವರ್ಗಿಗೆ ಹೋದರೂ ಅಷ್ಟು ದೂರ ಆಗುವುದಿಲ್ಲ. ಅಲ್ಲಿಯವರೆಗೆ ಯಾರೂ ಮೋಟಾರು ಗಾಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ. ರಸ್ತೆ ಎಂದರೆ ಕುದುರೆಗಾಡಿಗಳ ಜಾಡು.

ಮೊದಲ ಸಮಸ್ಯೆ ನೀರು. ಸಿಲಿಂಡರ್ ಒಳಗೆ ಇಂಧನ ಉರಿಯುವುದರಿಂದ ಇಂಜಿನ್ ಕಾಯುತ್ತದೆ. ಹಾಗೇ ಬಿಟ್ಟರೆ ಲೋಹ ಹಿಗ್ಗಿ ಪಿಸ್ಟನ್ ಕಚ್ಚಿಕೊಂಡುಬಿಡುತ್ತದೆ. ಅದಕ್ಕೇ ಸಿಲಿಂಡರಿನ ಸುತ್ತ ನೀರು ತುಂಬಿಸಿದ್ದರು. ಆದರೆ ಈಗಿನಂತೆ ರೇಡಿಯೇಟರ್ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಹೋದಷ್ಟು ನೀರನ್ನು ಮತ್ತೆ ಸುರಿಯಬೇಕಿತ್ತು. ಬಾವಿ, ಹಳ್ಳ, ಛತ್ರ, ಎಲ್ಲಿ ನೀರು ಕಂಡರೂ ತಾಯಿ ಮಕ್ಕಳು ಗಾಡಿ ನಿಲ್ಲಿಸುತ್ತಿದ್ದರು. ನಮ್ಮ ಕಡೆಯ ಹಿಟ್ಟಿನ ಗಿರಣಿಗಳಲ್ಲಿ ಹಿಂದೆ ಡೀಸೆಲ್ ಇಂಜಿನ್ ಇದ್ದಾಗ ಪಕ್ಕದಲ್ಲಿ ನೀರಿನ ಡ್ರಮ್ ಇರುತ್ತಿತ್ತು. ಮನೆಯಲ್ಲಿ ಅಜ್ಜನನ್ನು ಕೇಳಿ ನೋಡಿ, ಅದರ ನೀರು ಹಬೆಯಾಡುತ್ತಿದ್ದುದು ಅವರಿಗೆ ನೆನಪಿರಬಹುದು.

ಇಲ್ಲಿ ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಕಾಯಿಸಲು 70 ಕಿಲೋಕ್ಯಾಲರಿ ಉಷ್ಣ ಬೇಕು. ಅದೇ ನೀರನ್ನು 100 ಡಿಗ್ರಿಯಲ್ಲೇ ಪೂರ್ತಿ ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲರಿ ಬೇಕು. ಹೆಚ್ಚುಕಡಿಮೆ ಎಂಟು ಪಟ್ಟು! ನೀರು ಕುದಿಯುವಾಗ ಇಷ್ಟೊಂದು ಉಷ್ಣವನ್ನು ಹೊತ್ತುಕೊಂಡು ಹೋಗುತ್ತದೆ, ಆದರೆ ಅದರ ಬಿಸಿ ಮಾತ್ರ 100 ಡಿಗ್ರಿಯನ್ನು ದಾಟುವುದಿಲ್ಲ. ಶಿಕ್ಷಕರ ಎದುರಿನಲ್ಲಿ ಇದನ್ನು ಮಾಡಿ ನೋಡಬಹುದು. ನೋಟ್‌ಬುಕ್ಕಿನ ದಪ್ಪ ಹಾಳೆಯನ್ನು ಮಡಚಿ ದೊನ್ನೆ ಮಾಡಿ, ಅರ್ಧ ನೀರು ತುಂಬಿ, ನೀರು ಇರುವ ಭಾಗಕ್ಕೆ ಮಾತ್ರ ತಾಗುವಂತೆ ಮೇಣದಬತ್ತಿಯ ಜ್ವಾಲೆಯ ಮೇಲೆ ಹಿಡಿಯಲು ಶಿಕ್ಷಕರನ್ನು ಕೇಳಿ. ನೀರು ಕಾಯುತ್ತದೆ, ಕಾಗದ ಮಾತ್ರ ಹತ್ತಿಕೊಳ್ಳುವುದಿಲ್ಲ. ಬರ್ಥಾ ಅವರ ಇಂಜಿನ್ ಉಳಿದದ್ದು ಇದೇ ಕಾರಣಕ್ಕೆ.

ಈಗ ಯೋಚಿಸಿ. ಆ ಇಂಜಿನ್ನಿನ ನೀರು ಏರು ಹತ್ತುವಾಗಲೂ 100 ಡಿಗ್ರಿ, ಸಮತಟ್ಟಿನಲ್ಲೂ 100 ಡಿಗ್ರಿ. ನೀರು ಇರುವವರೆಗೆ ಬಿಸಿ ಸರಿಯಾಗಿಯೇ ಇರುತ್ತದೆ. ಆದರೂ ಗಾಡಿ ನಡುದಾರಿಯಲ್ಲಿ ನಿಂತಿತು! ಹಾಗಾದರೆ ಕಾರಣ ಬೇರೆ ಕಡೆ ಇರಬೇಕು.

ಇಂಧನ ಬರುವ ದಾರಿಯಲ್ಲಿ ಕಸ ಸಿಕ್ಕಿಕೊಂಡಿತ್ತು. ಬರ್ಥಾ ತಮ್ಮ ಟೋಪಿ ಹಾರದಂತೆ ಚುಚ್ಚಿಕೊಂಡಿದ್ದ ಉದ್ದನೆಯ ಪಿನ್ನನ್ನು ತೆಗೆದು ಅದರಿಂದಲೇ ಕಸ ಬಿಡಿಸಿದರು. ಗಾಡಿ ಹೊರಟಿತು. ಇನ್ನೊಂದು ಕಡೆ ಕಿಡಿ ಹಚ್ಚುವ ವಿದ್ಯುತ್ ತಂತಿಯ ಹೊದಿಕೆ ಸವೆದು, ತಂತಿ ಲೋಹಕ್ಕೆ ತಾಗುತ್ತಿತ್ತು. ವಿದ್ಯುತ್ತು ಅಲ್ಲೇ ಸೋರಿ ಹೋದರೆ ಸಿಲಿಂಡರಿನಲ್ಲಿ ಕಿಡಿ ಎಲ್ಲಿಂದ ಬರಬೇಕು? ಕಾಲುಚೀಲ ಜಾರದಂತೆ ಕಟ್ಟಿಕೊಳ್ಳುವ ಪಟ್ಟಿಯನ್ನು ಬಿಚ್ಚಿ ತಂತಿಗೆ ಸುತ್ತಿದರು. ಮತ್ತೆ ಗಾಡಿ ಹೊರಟಿತು. ಪ್ರಪಂಚದ ಮೊದಲ ಕಾರ್ ಮೆಕ್ಯಾನಿಕ್ ಯಾರೆಂದು ಕೇಳಿದರೆ ನಾನಂತೂ ಬರ್ಥಾ ಹೆಸರನ್ನೇ ಹೇಳುತ್ತೇನೆ.

ನಿಮ್ಮೂರಿನ ಗ್ಯಾರೇಜಿಗೆ ಬಂದ ಹಳೆಯ ಕಾರಿನ ಕಥೆಯೂ ಹೀಗೆಯೇ. ಅದರಲ್ಲಿ ನೀರು ಹೊರಗೆ ಹೋಗದಂತೆ ಮುಚ್ಚಿದ ರೇಡಿಯೇಟರ್ ಇದೆ, ನೀರಿಗೆ ಕೂಲೆಂಟ್ ಎಂಬ ದ್ರವ ಬೆರೆಸಿರುತ್ತಾರೆ. ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ಸುಮಾರು 80ರಿಂದ 90 ಡಿಗ್ರಿಯ ನಡುವೆ ತೆರೆದುಕೊಂಡು ಬಿಸಿನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಮುಳ್ಳು ನಡುವೆ ನಿಂತಿದೆ ಎಂದರೆ ಸಾಮಾನ್ಯವಾಗಿ ಈ ಏರ್ಪಾಡು ಸರಿಯಾಗಿದೆ, ಇಂಜಿನ್ ತಣ್ಣಗೂ ಇಲ್ಲ, ಅತಿಯಾಗಿ ಕಾದೂ ಇಲ್ಲ ಎಂದರ್ಥ. ಅಷ್ಟನ್ನೇ ಅದು ಹೇಳುತ್ತದೆ. ಪೆಟ್ರೋಲು ಬರುತ್ತಿದೆಯೇ, ಕಿಡಿ ಬರುತ್ತಿದೆಯೇ, ಗಾಳಿ ಬರುತ್ತಿದೆಯೇ ಎಂಬುದು ಮುಳ್ಳಿಗೆ ಗೊತ್ತಿಲ್ಲ. ಜ್ವರವಿಲ್ಲ ಎಂದ ಮಾತ್ರಕ್ಕೆ ಹೊಟ್ಟೆನೋವೂ ಇಲ್ಲ ಎಂದು ವೈದ್ಯರು ಹೇಳುವುದಿಲ್ಲ, ಅಲ್ಲವೇ?

ಮುಳ್ಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಬಿಸಿಯನ್ನು ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ತೀರಾ ಕಡಿಮೆಯಾಗಿ ಅದು ಗಾಳಿಯಲ್ಲಿ ಉಳಿದರೆ, ಇಂಜಿನ್ ಕಾಯುತ್ತಿದ್ದರೂ ಮುಳ್ಳು ಮೇಲೇಳದಿರಬಹುದು. ಅದಕ್ಕೇ ತಿಳಿದ ಮೆಕ್ಯಾನಿಕ್ ಮೊದಲು ಇಂಜಿನ್ ತಣಿಯಲು ಬಿಟ್ಟು ನೀರಿನ ಮಟ್ಟ ನೋಡುತ್ತಾರೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನು ನೀವಂತೂ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿಗಿಂತ ಹೆಚ್ಚು ಕಾದಿರುತ್ತದೆ. ಮುಚ್ಚಳ ತೆಗೆದ ಕ್ಷಣ ಅದು ಕುದಿದು ಚಿಮ್ಮಿ ಮುಖ ಕೈ ಸುಡುತ್ತದೆ.

ನೀರು ಸರಿಯಿದ್ದರೆ ಆಮೇಲೆ ಬರ್ಥಾ ಹಿಡಿದ ದಾರಿ. ಎಕ್ಸಲರೇಟರ್ ಒತ್ತಿದಾಗ ಗಾಳಿ ಥಟ್ಟನೆ ಒಳಗೆ ನುಗ್ಗುತ್ತದೆ. ಪೆಟ್ರೋಲು ಗಾಳಿಗಿಂತ ಭಾರ, ಅದು ಸ್ವಲ್ಪ ಹಿಂದೆ ಬೀಳುತ್ತದೆ. ಆ ಕೊರತೆ ತುಂಬಲು ಕಾರ್ಬುರೇಟರಿನಲ್ಲಿ ಒಂದು ಸಣ್ಣ ಪಂಪ್ ಇದ್ದು, ಒತ್ತಿದ ಕ್ಷಣದಲ್ಲಿ ಒಂದಿಷ್ಟು ಪೆಟ್ರೋಲನ್ನು ಹೆಚ್ಚಾಗಿ ಚಿಮ್ಮಿಸುತ್ತದೆ. ಅದರ ರಬ್ಬರು ಸವೆದರೆ, ಇಲ್ಲವೇ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡರೆ, ಇಂಜಿನ್ ತಡವರಿಸುವುದು ಸರಿಯಾಗಿ ಆ ಕ್ಷಣದಲ್ಲೇ. ನಮ್ಮ ಎರೆ ಮಣ್ಣಿನ ಧೂಳು ಏರ್ ಫಿಲ್ಟರನ್ನು ಮುಚ್ಚಿಹಾಕುವುದು ಇನ್ನೊಂದು ಕಾರಣ. ತೊಗರಿ ರಾಶಿಯ ದಿನಗಳಲ್ಲಿ ಹಳ್ಳಿಯ ರಸ್ತೆಯಲ್ಲಿ ಓಡಾಡುವ ಜೀಪಿನ ಫಿಲ್ಟರ್ ಬಿಚ್ಚಿದಾಗ ನೋಡಿ, ತಟ್ಟಿದರೆ ಹಿಡಿ ಮಣ್ಣು ಉದುರುತ್ತದೆ. ಸವೆದ ಸ್ಪಾರ್ಕ್ ಪ್ಲಗ್, ಬಿರುಕು ಬಿಟ್ಟ ತಂತಿ ಕೂಡ ಇದೇ ತೊಂದರೆ ಕೊಡುತ್ತವೆ. ಕಾಲುಚೀಲದ ಪಟ್ಟಿಯನ್ನು ನೆನಪಿಸಿಕೊಳ್ಳಿ.

ಮೇ ತಿಂಗಳ ಬಿಸಿಲಿನಲ್ಲಿ ಮತ್ತೊಂದು ವಿಚಿತ್ರ ನಡೆಯುತ್ತದೆ. ಪೆಟ್ರೋಲಿನ ಹಗುರ ಅಂಶಗಳು 35-40 ಡಿಗ್ರಿಯಲ್ಲೇ ಆವಿಯಾಗತೊಡಗುತ್ತವೆ. ಇಂಜಿನ್ನಿನ ಪಕ್ಕ ಹಾದುಹೋಗುವ ಪೈಪಿನೊಳಗೆ ಆವಿಯ ಗುಳ್ಳೆಗಳು ತುಂಬಿಕೊಂಡರೆ ಪಂಪಿಗೆ ಪೆಟ್ರೋಲು ಎಳೆಯಲಾಗುವುದಿಲ್ಲ. ಹಿಂದೆ ಅಂಬಾಸಿಡರ್ ಕಾರಿನ ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಇದಕ್ಕೇ. ಬಟ್ಟೆಯ ನೀರು ಆವಿಯಾಗುತ್ತಾ ಪಂಪಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಮೇಲೆ ಮಾಡಿದ ಲೆಕ್ಕವನ್ನು ಚಾಲಕರು ಓದಿರಲಿಕ್ಕಿಲ್ಲ, ಅನುಭವದಿಂದ ಕಂಡುಕೊಂಡಿದ್ದರು.

ಮಾರುತಿ 800ರ ಮೊದಲ ಮಾದರಿಗಳಲ್ಲಿ ಕಾರ್ಬುರೇಟರ್ ಇತ್ತು. ನಂತರದವುಗಳಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲು ಚಿಮ್ಮಿಸುವ ವ್ಯವಸ್ಥೆ ಬಂತು. ಅಂಥ ವ್ಯವಸ್ಥೆಯ ಅನೇಕ ಕಾರುಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಕಂಪ್ಯೂಟರಿಗೆ ಬೇರೆಯೇ ಒಂದು ಸೆನ್ಸರ್ ಇರುತ್ತದೆ. ಕಂಪ್ಯೂಟರಿನ ಸೆನ್ಸರ್ ಕೆಟ್ಟು, ಕಾದ ಇಂಜಿನ್ನನ್ನು ತಣ್ಣಗಿದೆ ಎಂದು ಹೇಳಿದರೆ ಪೆಟ್ರೋಲು ಬೇಕಾದ್ದಕ್ಕಿಂತ ಹೆಚ್ಚು ಬೀಳುತ್ತದೆ. ಮುಳ್ಳು ಮಾತ್ರ ನಡುವೆಯೇ ನಿಂತಿರುತ್ತದೆ!

ಸರಿ, ಬರ್ಥಾ ಅವರನ್ನು ದಾರಿಯಲ್ಲೇ ಬಿಟ್ಟು ಬಂದಿದ್ದೇವೆ. ಅವರ ಗಾಡಿಗೆ ದೊಡ್ಡ ಟ್ಯಾಂಕ್ ಇರಲಿಲ್ಲ, ಹಿಡಿಯುತ್ತಿದ್ದದ್ದು ಸುಮಾರು ನಾಲ್ಕೂವರೆ ಲೀಟರ್ ಇಂಧನ. ಅದು ಮುಗಿಯುತ್ತಾ ಬಂದಾಗ ವೀಸ್‌ಲೋಖ್ ಎಂಬ ಊರಿನ ಔಷಧ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವೇ ಅವರ ಇಂಜಿನ್ನಿನ ಇಂಧನ. ಅಂಗಡಿಯಲ್ಲಿ ಇದ್ದದ್ದನ್ನು ಕೊಂಡು ಸುರಿದರು. ಆ ಔಷಧ ಅಂಗಡಿಯನ್ನು ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಎಂದು ಇಂದಿಗೂ ಹೇಳುತ್ತಾರೆ. ಬಂಕ್ ದೂರವಿರುವ ನಮ್ಮ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯವರು ಬಾಟಲಿಯಲ್ಲಿ ಪೆಟ್ರೋಲು ಇಟ್ಟಿದ್ದನ್ನು ಕಂಡಾಗ ನನಗೆ ವೀಸ್‌ಲೋಖ್ ನೆನಪಾಗುತ್ತದೆ. ಬೆಂಕಿಯ ಅಪಾಯವಿದೆ, ನೀವು ಅವುಗಳ ಹತ್ತಿರ ಹೋಗಬೇಡಿ.

ಏರು ಬಂದಾಗ ಇಂಜಿನ್ನಿನ ಶಕ್ತಿ ಸಾಲದಾಯಿತು. ಒಬ್ಬರು ಗಾಡಿ ನಡೆಸಿದರೆ ಉಳಿದವರು ಇಳಿದು ತಳ್ಳಬೇಕು. ಇಳಿಜಾರಿನಲ್ಲಿ ಇನ್ನೊಂದು ಭಯ: ಮರದ ಬ್ರೇಕ್ ಸವೆಯುತ್ತಾ ಹೋಯಿತು. ದಾರಿಯ ಊರೊಂದರಲ್ಲಿ ಚಮ್ಮಾರರ ಕೈಯಲ್ಲಿ ಬ್ರೇಕಿಗೆ ತೊಗಲು ಹೊಡೆಸಿದರು. ಬ್ರೇಕಿಗೆ ಹೊದಿಕೆ ಹಾಕುವ ಉಪಾಯ ಅಲ್ಲಿಂದ ಶುರುವಾಯಿತೆಂದು ಹೇಳುತ್ತಾರೆ. ಕತ್ತಲಾಗುವ ಹೊತ್ತಿಗೆ ಧೂಳು ತುಂಬಿಕೊಂಡ ಮೂವರೂ ಫೋರ್ಟ್ಸ್‌ಹೈಮ್ ತಲುಪಿ ಕಾರ್ಲ್ ಅವರಿಗೆ ತಂತಿ ಕಳಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಮಾನ್‌ಹೈಮಿಗೆ ಹಿಂತಿರುಗಿದರು.

ಮನೆಗೆ ಬಂದವರು ಸುಮ್ಮನೆ ಬರಲಿಲ್ಲ, ದೋಷಗಳ ದೊಡ್ಡ ಪಟ್ಟಿಯನ್ನೇ ತಂದರು. ಏರು ಹತ್ತಲು ಇನ್ನೊಂದು ಗೇರ್ ಬೇಕೆಂದು ಅವರು ಹೇಳಿದಂತೆ ಕಾರ್ಲ್ ಅದನ್ನು ಸೇರಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ನಗರದ ಯಂತ್ರ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. ಕೊಳ್ಳುವವರು ನಿಧಾನವಾಗಿ ಹೆಚ್ಚಿದರು. 1899ರ ಒಂದೇ ವರ್ಷದಲ್ಲಿ ಬೆಂಜ್ ಕಾರ್ಖಾನೆ 572 ಗಾಡಿಗಳನ್ನು ತಯಾರಿಸಿತು. ಆಗ ಪ್ರಪಂಚದಲ್ಲೇ ಅತಿ ಹೆಚ್ಚು ಕಾರು ತಯಾರಿಸುತ್ತಿದ್ದ ಕಾರ್ಖಾನೆ ಅದು.

ನೀರು ಸುರಿಯುವ ಕಾಟ ತಪ್ಪಿಸಿದ್ದು ಮಾತ್ರ ಬೇರೆಯವರು. ವಿಲ್‌ಹೆಲ್ಮ್ ಮೈಬಾಖ್ ಎಂಬ ಇಂಜಿನಿಯರ್ 1901ರ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂತಹ ರೇಡಿಯೇಟರ್ ಮಾಡಿದರು. ಸಾವಿರಾರು ಸಣ್ಣ ಕೊಳವೆಗಳ ಮೂಲಕ ಗಾಳಿ ಹಾಯ್ದು ನೀರನ್ನು ತಣಿಸುತ್ತಿದ್ದರಿಂದ ಸ್ವಲ್ಪವೇ ನೀರು ಮತ್ತೆ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಮರ್ಸಿಡಿಸ್ ಆಗ ಬೆಂಜ್ ಅವರ ಎದುರಾಳಿ ಕಾರ್ಖಾನೆಯದು. 1926ರಲ್ಲಿ ಎರಡೂ ಕಾರ್ಖಾನೆಗಳು ಒಂದಾದವು.

1906ರಿಂದ ಬರ್ಥಾ ಮತ್ತು ಕಾರ್ಲ್ ಲಾಡನ್‌ಬುರ್ಗ್ ಎಂಬ ಚಿಕ್ಕ ಊರಿನಲ್ಲಿ ವಾಸಿಸಿದರು. ಅಲ್ಲಿ ಮಕ್ಕಳ ಜೊತೆ ಮತ್ತೊಂದು ಕಾರ್ಖಾನೆ ನಡೆಸಿದರು. 1929ರ ಏಪ್ರಿಲ್ 4ರಂದು ಕಾರ್ಲ್ ತೀರಿಕೊಂಡರು. ಬರ್ಥಾ ಮುಂದೆ ಇನ್ನೂ ಹದಿನೈದು ವರ್ಷ ಬದುಕಿದರು. ಕಾರ್ಲ್ ಓದಿದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯ, ಬರ್ಥಾ ಅವರ 95ನೇ ಹುಟ್ಟುಹಬ್ಬದ ದಿನ, 1944ರ ಮೇ 3ರಂದು, ಗೌರವ ಸೆನೆಟರ್ ಪದವಿ ಕೊಟ್ಟಿತು. ಯಂತ್ರದ ಕೆಲಸಕ್ಕಾಗಿ ಅವರ ಹೆಸರನ್ನು ಒಂದು ಪತ್ರದಲ್ಲಿ ಬರೆಯಲು ಅಷ್ಟು ಕಾಲ ಬೇಕಾಯಿತು. ಎರಡು ದಿನಗಳ ನಂತರ, ಮೇ 5ರಂದು, ಅವರು ಲಾಡನ್‌ಬುರ್ಗ್‌ನ ಮನೆಯಲ್ಲಿ ಕಣ್ಣು ಮುಚ್ಚಿದರು.

2008ರಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋಗಿ ಬರುವ ಆ ದಾರಿಗೆ ಬರ್ಥಾ ಬೆಂಜ್ ಸ್ಮಾರಕ ಮಾರ್ಗ ಎಂದು ಹೆಸರಿಟ್ಟರು. ವೀಸ್‌ಲೋಖ್‌ನ ಔಷಧ ಅಂಗಡಿಯ ಮುಂದೆ ಆ ಪ್ರಯಾಣದ ನೆನಪಿಗೆ ಒಂದು ಸ್ಮಾರಕವೂ ಇದೆ.